ಮುಗಿಯದ ಆಟಕ್ಕೆ ಮುಂಗಡದ ಹಣ

ಇನ್ನೂ ಸಿದ್ಧವಾಗದ ಕೃತಿಗೆ ಮೊದಲೇ ಹಣ ತೆತ್ತು ಕಾದುಕುಳಿತಿರುವ ಪದ್ಧತಿಯು ಗಣಕಯಂತ್ರಗಳ ಕಾಲದಲ್ಲಿ ಹುಟ್ಟಿದುದಲ್ಲ. 1756ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ನನು, ತನ್ನ ನಿಘಂಟಿನ ಕೀರ್ತಿಯು ಇನ್ನೂ ಹೊಸದಾಗಿದ್ದಾಗಲೇ, ಷೇಕ್ಸ್‌ಪಿಯರನ ನಾಟಕಗಳನ್ನು ಪರಿಷ್ಕರಿಸಿ ಟಿಪ್ಪಣಿಗಳೊಡನೆ ಮರುವರ್ಷದ ಅಂತ್ಯದೊಳಗಾಗಿ ಕೊಡುವೆನೆಂದು ಪ್ರಕಟಣೆ ಹೊರಡಿಸಿ ಚಂದಾದಾರರನ್ನು ಕೂಡಿಸಿದನು. ಗ್ರಂಥವು ಬೆಳಕು ಕಂಡುದು 1765ರಲ್ಲಿ. ಈ ನಡುವೆ ಚಾರ್ಲ್ಸ್ ಚರ್ಚಿಲ್ ಎಂಬ ಕವಿಯು ಅವನನ್ನು ಪದ್ಯದಲ್ಲಿಯೇ ಚುಚ್ಚಿದನು. ಚಂದಾದಾರರ ಹೆಸರುಗಳು ಕಳೆದುಹೋದುವೆಂದೂ ಹಣವು ಖರ್ಚಾಗಿಹೋಯಿತೆಂದೂ ಜಾನ್ಸನ್ನನೇ ಸಂಕೋಚವಿಲ್ಲದೆ ಹೇಳಿಕೊಂಡನು. ಇಷ್ಟೆಲ್ಲ ಇದ್ದರೂ ಆ ಒಪ್ಪಂದದ ಕರಾರು ನ್ಯಾಯವಾದುದೇ ಆಗಿತ್ತು. ಪುಸ್ತಕದ ಬೆಲೆ ಎರಡು ಗಿನಿ: ಒಂದನ್ನು ಹೆಸರು ಬರೆಯಿಸುವಾಗ ಕೊಡಬೇಕು, ಇನ್ನೊಂದನ್ನು ಪುಸ್ತಕವು ಕೈಸೇರಿದಾಗ. ಒಂಬತ್ತು ವರ್ಷ ಕಾದವನು ಅಪಾಯಕ್ಕೆ ಒಡ್ಡಿದುದು ಅರ್ಧ ಬೆಲೆಯನ್ನು ಮಾತ್ರ.

ಆ ಅರ್ಧವು ಕ್ರಮೇಣ ಪೂರ್ಣವಾದ ಬಗೆಯನ್ನು ವಿಡಿಯೋ ಆಟಗಳ ವ್ಯಾಪಾರದಲ್ಲಿ ಸ್ಪಷ್ಟವಾಗಿ ಕಾಣಬಹುದು. ಕ್ಯಾಸೆಟ್ಟು ಮತ್ತು ಕಾರ್ಟ್ರಿಜ್‌ಗಳ ಯುಗದಲ್ಲಿ ಇಂತಹ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಂಗಡಿಗೆ ಹೋದ ಪದಾರ್ಥವನ್ನು ತಿದ್ದುವ ಉಪಾಯವಿಲ್ಲದಿದ್ದುದರಿಂದ, ಚೆನ್ನಾಗಿರಲಿ ಕೆಟ್ಟಿರಲಿ, ಆಟವು ಮುಗಿದೇ ಹೊರಡಬೇಕಾಗಿತ್ತು. 1993ರಲ್ಲಿ ಹೊರಬಂದ ಡೂಮ್ ಎಂಬ ಆಟದ ಕರ್ತೃಗಳು ಮೊದಲ ಖಂಡವನ್ನು ಉಚಿತವಾಗಿ ಹಂಚಿ, ರುಚಿ ಕಂಡವರಿಂದ ಉಳಿದ ಖಂಡಗಳಿಗೆ ಹಣ ಪಡೆದರು. ಅಲ್ಲಿ ನಂಬಿಕೆಯನ್ನು ಮೊದಲು ಇಟ್ಟವನು ಮಾರುವವನು.

ಅಂತರ್ಜಾಲವು ಮನೆಮನೆಗೆ ಬಂದಮೇಲೆ ಈ ನಂಬಿಕೆಯ ದಿಕ್ಕು ತಿರುಗಿತು. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬಾತನು 2009ರ ಮೇ ತಿಂಗಳಲ್ಲಿ ಮೈನ್‌ಕ್ರಾಫ್ಟ್ ಎಂಬ, ಚೌಕಾಕಾರದ ಇಟ್ಟಿಗೆಗಳಿಂದ ಲೋಕವನ್ನೇ ಕಟ್ಟುವ ಆಟವನ್ನು, ಅದಿನ್ನೂ ಅಸ್ಥಿಪಂಜರದಂತಿದ್ದಾಗಲೇ ಜನರ ಮುಂದಿಟ್ಟು, ಮುಂದಿನ ತಿಂಗಳಿನಿಂದ ಮಾರಾಟಕ್ಕೂ ತೊಡಗಿದನು. ಆಲ್ಫಾ ಎಂಬ ಆರಂಭದ ಅವಸ್ಥೆಯಲ್ಲಿ ಬೆಲೆ 9.95 ಯೂರೋ, 2010ರ ಡಿಸೆಂಬರಿನಲ್ಲಿ ಬೀಟಾ ಅವಸ್ಥೆಗೆ ಏರಿದಾಗ 14.95, 2011ರ ನವೆಂಬರ್ 18ರಂದು ಆಟವು ಪೂರ್ಣವೆಂದು ಸಾರಿದಾಗ 19.95. ಮೊದಲು ಕೊಂಡವರಿಗೆ ಮುಂದಿನ ಆವೃತ್ತಿಗಳೆಲ್ಲವೂ ಉಚಿತವೆಂಬ ಮಾತನ್ನೂ ಕೊಟ್ಟಿದ್ದನು. ನಮ್ಮ ಶ್ರೀನಿವಾಸಪುರದ ಕಡೆಯಲ್ಲಿ ಮಾವಿನ ತೋಪು ಹೂವಿನಲ್ಲಿರುವಾಗಲೇ ಗುತ್ತಿಗೆ ಹಿಡಿಯುವ ವ್ಯಾಪಾರಿಯು ಆಲಿಕಲ್ಲು, ಜಿಗಿಹುಳು, ಅಕಾಲದ ಗಾಳಿ ಇವೆಲ್ಲವುಗಳ ನಷ್ಟವನ್ನು ತನ್ನ ತಲೆಯ ಮೇಲೆ ಹೊರುವನಾದಕಾರಣ ಮಾಗಿದ ಹಣ್ಣಿನ ದರವನ್ನು ಎಂದಿಗೂ ಕೊಡನು. ತೋಪಿನ ಒಡೆಯನಾದರೂ ಅದನ್ನು ಕೇಳನು. ಪರ್ಸನ್ನನ ಏರುಬೆಲೆಯಲ್ಲಿ ಈ ಹಳೆಯ ವಿವೇಕವೇ ಅಡಗಿತ್ತು. ಆಟವು ನಿಂತುಹೋಗಿದ್ದರೆ ಮೊದಲ ಗಿರಾಕಿಗೆ ಅಲ್ಪ ನಷ್ಟ, ನಿಲ್ಲದೆ ಮುಗಿದುದರಿಂದ ಅವನಿಗೆ ಅರ್ಧದಷ್ಟು ಉಳಿತಾಯ. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಆ ಆಟದ ಕಂಪನಿಯನ್ನು 250 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತೆಂಬುದನ್ನು ಬಲ್ಲವರು, ಗಿರಾಕಿಯ ಹಿತವನ್ನು ನೋಡಿದ ಮಾತ್ರಕ್ಕೆ ಮಾರುವವನು ಕೆಡಲಿಲ್ಲವೆಂಬುದನ್ನೂ ಒಪ್ಪುವರು.

ಇದೇ ಕಾಲದಲ್ಲಿ ಮೆಕ್ಸಿಕೋ ನಗರದಲ್ಲಿ, ಆಟಗಳಿಗೆ ಸಂಬಂಧವೇ ಇಲ್ಲದ ಸ್ಕ್ವಾಡ್ ಎಂಬ ಜಾಹೀರಾತು ವ್ಯವಹಾರದ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಫೆಲಿಪೆ ಫಾಲಾಂಗೆ ಎಂಬ ತರುಣನು, ಹಸುರು ಬಣ್ಣದ ಪುಟ್ಟ ಜೀವಿಗಳು ರಾಕೆಟ್ಟು ಕಟ್ಟಿ ಆಕಾಶಕ್ಕೆ ಹಾರುವ ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ಆಟವನ್ನು ಹೊಸೆದನು. 2011ರ ಜೂನ್‌ನಲ್ಲಿ ಅದು ಹೊರಬಿದ್ದಾಗ ಬೆಲೆಯೇ ಇರಲಿಲ್ಲ; ಅನಂತರ ಅಗ್ಗದ ಬೆಲೆಯೊಂದನ್ನಿಟ್ಟು, ಚಂದ್ರನೂ ಗ್ರಹಗಳೂ ಒಂದೊಂದಾಗಿ ಸೇರಿದಂತೆಲ್ಲ ಅದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಬಂದು, 2015ರ ಏಪ್ರಿಲ್‌ನಲ್ಲಿ ಆಟವು ಪೂರ್ಣವಾಯಿತೆಂದು ಸಾರುವ ಹೊತ್ತಿಗೆ 40 ಡಾಲರುಗಳಿಗೆ ತಂದರು. ಕಕ್ಷೆಯ ಗಣಿತವನ್ನು ಪಠ್ಯಪುಸ್ತಕದಲ್ಲಿ ಕಂಡು ಬೆದರಿದ ಎಷ್ಟೋ ಮಂದಿ ಅದನ್ನು ಈ ಆಟದಲ್ಲಿ, ರಾಕೆಟ್ಟುಗಳನ್ನು ಮೇಲಿಂದ ಮೇಲೆ ಬೀಳಿಸಿ, ಕಲಿತರು.

ಸ್ಟೀಮ್ ಎಂಬ ಅಂತರ್ಜಾಲದ ಅಂಗಡಿಯು 2013ರ ಮಾರ್ಚ್ 20ರಂದು ಅರ್ಲಿ ಆಕ್ಸೆಸ್ ಎಂಬ ವಿಭಾಗವನ್ನು ತೆರೆದು, ಅಲ್ಲೊಬ್ಬರು ಇಲ್ಲೊಬ್ಬರು ನಡೆಸುತ್ತಿದ್ದ ಈ ಪದ್ಧತಿಗೆ ಪೇಟೆಯ ಮಧ್ಯದಲ್ಲಿ ಸ್ಥಾನ ಕೊಟ್ಟಿತು. ಮೊದಲ ದಿನ ಅಲ್ಲಿದ್ದುವು ಹನ್ನೆರಡು ಆಟಗಳು; ಕರ್ಬಲ್ ಅವುಗಳಲ್ಲೊಂದು. ಬೆಲೆಯ ವಿಚಾರದಲ್ಲಿ ವಿಚಿತ್ರಗಳು ಬೇಗನೆ ತಲೆದೋರಿದುವು. ಅದೇ ವರ್ಷದ ಬೇಸಿಗೆಯಲ್ಲಿ ಪ್ಲಾನೆಟರಿ ಅನೈಹಿಲೇಷನ್ ಎಂಬ ಅಪೂರ್ಣ ಆಟಕ್ಕೆ ಸುಮಾರು 90 ಡಾಲರ್, ಎಂದರೆ ಪೂರ್ಣ ಆಟಗಳ ರೂಢಿಯ ಬೆಲೆಗಿಂತಲೂ ಅಧಿಕವಾದ ಮೊತ್ತವನ್ನು ಇಟ್ಟರು. ಹಿಂದಿನ ವರ್ಷ, ಜನರಿಂದ ಮುಂಗಡವಾಗಿ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ತಾಣದ ಮೂಲಕ ನೆರವಾದವರು ಆಲ್ಫಾ ಅವಸ್ಥೆಯನ್ನು ಕಾಣಲು ಅಷ್ಟೇ ಹಣ ಕೊಟ್ಟಿದ್ದರಾದ್ದರಿಂದ ಈಗ ಕಡಿಮೆಗೆ ಮಾರಿದರೆ ಅವರಿಗೆ ಅನ್ಯಾಯವಾಗುವುದೆಂಬುದು ಕರ್ತೃಗಳ ಸಮಾಧಾನ. ವಾದವು ಅಪ್ರಾಮಾಣಿಕವಲ್ಲ, ಆದರೆ ದಾನಿಯ ಔದಾರ್ಯವನ್ನು ಗಿರಾಕಿಯ ದರವಾಗಿ ಮಾಡುವ ತರ್ಕವು ನನ್ನ ಬುದ್ಧಿಗೆ ಹಿಡಿಯದು. ಇನ್ನೊಂದೆಡೆ ಸ್ಪೇಸ್‌ಬೇಸ್ ಡಿಎಫ್-9 ಎಂಬುದನ್ನು 2013ರ ಅಕ್ಟೋಬರಿನಲ್ಲಿ ಮಾರಾಟಕ್ಕಿಟ್ಟು, ಒಂದೇ ವರ್ಷದ ತರುವಾಯ, ಯೋಜಿಸಿದ್ದ ಬಹು ಅಂಶಗಳನ್ನು ಕೈಬಿಟ್ಟು, ಮುಗಿಯಿತೆಂದು ಘೋಷಿಸಿದರು. 2015ರಲ್ಲಿ ಸ್ಟೀಮ್ ಜಾರಿಗೆ ತಂದ ಹಣ ಮರಳಿಸುವ ನಿಯಮವು, ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಎನ್ನುತ್ತದೆ. ಆಟವು ಹೇಗಿದೆಯೆಂದು ಎರಡು ಗಂಟೆಗಳಲ್ಲಿ ತಿಳಿಯಬಹುದು. ಅದು ಮುಗಿಯುವುದೇ ಎಂಬುದನ್ನು ತಿಳಿಯುವ ಬಗೆ ಯಾವುದು?

ಪೂರ್ಣ ಬೆಲೆಯ ಪಕ್ಷದವರು ಇಂದು ಮುಂದಿಡುವ ದೊಡ್ಡ ನಿದರ್ಶನವು ಬೆಲ್ಜಿಯಮ್ಮಿನ ಲಾರಿಯನ್ ಸಂಸ್ಥೆಯ ಬಾಲ್ಡರ್ಸ್ ಗೇಟ್ 3. 2020ರ ಅಕ್ಟೋಬರಿನಲ್ಲಿ ಅವರು ಅದರ ಮೊದಲ ಅಂಕವನ್ನು ಮಾತ್ರ 59.99 ಡಾಲರುಗಳ ಪೂರ್ಣ ಬೆಲೆಗೆ ಮಾರಿದರು. 2023ರ ಆಗಸ್ಟಿನಲ್ಲಿ ಸಮಗ್ರ ಆಟವನ್ನು, ಹಳೆಯ ಗಿರಾಕಿಗಳಿಂದ ಬಿಡಿಗಾಸನ್ನೂ ಕೇಳದೆ, ಒಪ್ಪಿಸಿದರು. ಮಾತು ನಡೆಯಿತು, ಸಂತೋಷ. ಆದರೆ ಕಾದು ಕೊಂಡವನೂ ಮೂರು ವರ್ಷ ಮೊದಲು ಕೊಂಡವನೂ ಒಂದೇ ಬೆಲೆ ಕೊಟ್ಟರೆ, ಮೊದಲು ಕೊಂಡವನು ಬಡ್ಡಿಯಿಲ್ಲದೆ ಸಾಲ ಕೊಟ್ಟವನಾದನೆಂಬುದು, ಫಲವು ಸಿಹಿಯಾದ ಮಾತ್ರಕ್ಕೆ, ಸುಳ್ಳಾಗುವುದಿಲ್ಲ.

ಕರ್ಬಲ್‌ನ ಎರಡನೆಯ ಭಾಗದಲ್ಲಿ ಈ ಫಲವೂ ಸಿಕ್ಕಲಿಲ್ಲ. ಮೊದಲನೆಯದು ಮುಗಿದಮೇಲೆ ತಲುಪಿದ 40 ಡಾಲರುಗಳನ್ನು ಮೀರಿ, ಎರಡನೆಯದನ್ನು 2023ರ ಫೆಬ್ರವರಿ 24ರಂದು, ಅಪೂರ್ಣಾವಸ್ಥೆಯಲ್ಲಿಯೇ, 49.99 ಡಾಲರುಗಳಿಗೆ ಮಾರಲಾರಂಭಿಸಿದರು. ಮೊದಲ ಆಟದಲ್ಲಿದ್ದ ವಿಜ್ಞಾನ ಪ್ರಯೋಗಗಳ ಭಾಗವೂ ಅದರಲ್ಲಿರಲಿಲ್ಲ. ಅದು ಬಂದುದು ಡಿಸೆಂಬರಿನಲ್ಲಿ. ಅನ್ಯಗ್ರಹಗಳಲ್ಲಿ ವಸಾಹತು, ನಕ್ಷತ್ರಾಂತರ ಯಾನ, ಹಲವರು ಕೂಡಿ ಆಡುವ ಸೌಕರ್ಯ ಇವೆಲ್ಲವೂ ಮುಂದಿನ ಹಂತಗಳ ಪಟ್ಟಿಯಲ್ಲಿದ್ದುವು. 2024ರಲ್ಲಿ ಒಡೆತನದ ಸಂಸ್ಥೆಯಾದ ಟೇಕ್-ಟೂ, ಆಟವನ್ನು ರಚಿಸುತ್ತಿದ್ದ ಸಿಯಾಟಲ್‌ನ ಕಚೇರಿಯನ್ನು ಮುಚ್ಚಿತು. ಪಟ್ಟಿಯು ಪಟ್ಟಿಯಾಗಿಯೇ ಉಳಿಯಿತು.

ಇಂತಹ ಆಟಗಳ ಪುಟದ ಮೇಲೆ, ಇಂದಿನ ಸ್ಥಿತಿಯಲ್ಲಿ ಆಡಲು ಇಷ್ಟವಿಲ್ಲದವರು ಕಾದು ನೋಡಬಹುದೆಂಬ ಎಚ್ಚರಿಕೆಯನ್ನು ಸ್ಟೀಮ್ ಸ್ಪಷ್ಟವಾಗಿ ಮುದ್ರಿಸಿರುತ್ತದೆ. ಆದ್ದರಿಂದ ತಿಳಿದೂ ಕೊಂಡವನ ದೂರಿಗೆ ಆಧಾರವಿಲ್ಲವೆಂದು ಕೆಲವರು ವಾದಿಸುತ್ತಾರೆ. ಎಚ್ಚರಿಕೆಯು ಇರುವುದು ನಿಜ. ಆದರೆ ಅದೇ ಪುಟದಲ್ಲಿ ಬರಲಿರುವ ವೈಭವದ ವರ್ಣನೆಯೂ ಇರುವುದು. ಎಲ್ಲಕ್ಕಿಂತ ಹೆಚ್ಚಾಗಿ ಬೆಲೆಯೂ ಮಾತನಾಡುವುದು. ಅರ್ಧ ಬೆಲೆಯು ಗಿರಾಕಿಗೆ ಅಪಾಯವನ್ನು ತಿಳಿಸಿ, ಅದನ್ನು ಹೊತ್ತುದಕ್ಕೆ ಪ್ರತಿಫಲವನ್ನೂ ಕೊಡುತ್ತದೆ. ಪೂರ್ಣ ಬೆಲೆಯು ಅಪಾಯವನ್ನು ಅವನ ಮೇಲೆ ಹೊರಿಸಿ, ಅದು ಇಲ್ಲವೇ ಇಲ್ಲವೆಂಬಂತೆ ನಟಿಸುತ್ತದೆ. ಈ ಪದ್ಧತಿಯಲ್ಲಿ ಅನ್ಯಾಯವಿರುವುದು ಇಲ್ಲಿಯೇ. ಅಪೂರ್ಣವಾದುದನ್ನು ಮಾರುವುದರಲ್ಲಿ ಅಲ್ಲ.

ಆಟವು ಪೂರ್ಣವಾದಮೇಲೆ ಬೆಲೆಯು ಬದಲಾಗುವುದೇ ಎಂಬ ಪ್ರಶ್ನೆಗೆ ಪ್ರತಿಯೊಬ್ಬ ಕರ್ತೃವೂ ಅದೇ ಪುಟದಲ್ಲಿ ಉತ್ತರ ಬರೆಯಬೇಕೆಂದು ಸ್ಟೀಮ್ ವಿಧಿಸಿದೆ. ಯಾವ ಉತ್ತರವನ್ನು ಬರೆಯಬೇಕೆಂದು ವಿಧಿಸಿಲ್ಲ. 2025ರಿಂದ ಈಚೆಗೆ, ವರ್ಷಕ್ಕೂ ಮೇಲ್ಪಟ್ಟು ಕರ್ತೃಗಳು ಮುಟ್ಟದೆ ಬಿಟ್ಟಿರುವ ಆಟಗಳ ಪುಟದಲ್ಲಿ, ಕಡೆಯ ಪರಿಷ್ಕರಣವಾಗಿ ಎಷ್ಟು ಕಾಲವಾಯಿತೆಂಬ ಸೂಚನೆಯೊಂದು ಕಾಣಿಸಿಕೊಳ್ಳುತ್ತಿದೆ. ಬೆಲೆಯ ವಿಷಯದಲ್ಲಿ ಆ ಸೂಚನೆಯು ಏನನ್ನೂ ಹೇಳುವುದಿಲ್ಲ.