ಮರಳ ಮೇಲಿನ ಓನಾಮ, ಹುಣಸೆ ಬೀಜದ ಕಾಗುಣಿತ

ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿ ಹಿಡಿದು ಸುಮಾರು 30 ಕಿಲೋಮೀಟರ್ ಸಾಗಿದರೆ ಮಂಡಗದ್ದೆ ಸಿಗುತ್ತದೆ. ಮಳೆಗಾಲದಲ್ಲಿ ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳಿಂದಾಗಿ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತ. ಆದರೆ ಅದೇ ಹೆಸರನ್ನು ರಸ್ತೆ ಬದಿಯ ಫಲಕದಲ್ಲಿ ಓದುವುದು ಆರು ವರ್ಷದ ಮಗುವಿಗೆ ಸುಲಭವಲ್ಲ. ಇರುವುದು ನಾಲ್ಕೇ ಅಕ್ಷರ. ನಡುವಿನ ಡ, ಗ ಎರಡೂ ಸರಳ. ಮೊದಲ ಅಕ್ಷರದ ಪಕ್ಕದಲ್ಲಿ ಸೊನ್ನೆ ಇದೆ. ಕೊನೆಯ ಅಕ್ಷರಕ್ಕೆ ಏತ್ವವೂ ಉಂಟು, ಒತ್ತೂ ಉಂಟು. ಇಲ್ಲಿನ ಸೊನ್ನೆಯನ್ನು ‘ಣ್’ ಎಂದು ಉಚ್ಚರಿಸಬೇಕು. ಪಕ್ಕದಲ್ಲೇ ಹರಿಯುವ ತುಂಗೆಯ ಹೆಸರಿನಲ್ಲಿ ಅದೇ ಸೊನ್ನೆ ‘ಙ್’ ಆಗುತ್ತದೆ. ಇನ್ನು ತೀರ್ಥಹಳ್ಳಿ ಎಂದು ಓದಹೊರಟರೆ ಅರ್ಕಾವತ್ತಿನ ತೊಡಕು. ಬರೆಯುವುದು ಹಿಂದೆ, ಉಚ್ಚರಿಸುವುದು ಮುಂದೆ!

ಕಿವಿಗೆ ಬೀಳುವ ಧ್ವನಿಗೂ ಕಣ್ಣಿಗೆ ಕಾಣುವ ರೂಪಕ್ಕೂ ಗಂಟು ಹಾಕುವ ಈ ಕೆಲಸಕ್ಕೆ ಇಂದು ‘ಫೋನಿಕ್ಸ್’ ಎಂಬ ಹೆಸರಿದೆ. ಪಟ್ಟಣಗಳಲ್ಲಿ ಇದಕ್ಕೆಂದೇ ತರಗತಿಗಳಿವೆ. ಬಣ್ಣಬಣ್ಣದ ಕಾರ್ಡುಗಳ ಪೆಟ್ಟಿಗೆಗಳು ಮಾರಾಟಕ್ಕಿವೆ. ಹೆಸರು ಹೊಸದಾದರೂ ಕೆಲಸ ಹಳೆಯದು. ಕನ್ನಡ ನಾಡಿನಲ್ಲಿ ಅದು ಮರಳು, ಅಕ್ಕಿ, ಇದ್ದಿಲು, ಬಳಪಗಳಿಂದ, ಎಂದರೆ ಹೆಚ್ಚುಕಡಿಮೆ ಖರ್ಚಿಲ್ಲದೆ ಶತಮಾನಗಳ ಕಾಲ ನಡೆದುಬಂದಿದೆ. ಆ ಪದ್ಧತಿಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ತಿಳಿಯಲು ಇನ್ನೂರು ವರ್ಷಗಳ ಹಿಂದಿನ ಒಂದು ಸರ್ಕಾರಿ ವರದಿ ನೆರವಾಗುತ್ತದೆ.

ಕಲೆಕ್ಟರ್ ಕಂಡ ಶಾಲೆ

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳಲ್ಲಿ ಊರ ಶಾಲೆಗಳು ಎಷ್ಟಿವೆ, ಅಲ್ಲಿ ಏನು ಕಲಿಸುತ್ತಾರೆ ಎಂಬ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ಉತ್ತರ ಅವುಗಳಲ್ಲಿ ಬಹಳ ಪ್ರಸಿದ್ಧವಾದುದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡ ಕಲಿಸುವವು 235, ತೆಲುಗು ಕಲಿಸುವವು 226. ಒಟ್ಟು ವಿದ್ಯಾರ್ಥಿಗಳು 6,641.

ಕ್ಯಾಂಪ್‌ಬೆಲ್ ಕೇವಲ ಲೆಕ್ಕ ಕೊಟ್ಟು ಸುಮ್ಮನಾಗಲಿಲ್ಲ. ಮಗು ಶಾಲೆಗೆ ಸೇರುವ ದಿನ ಗಣಪತಿಯ ಮುಂದೆ ಅಕ್ಕಿಯಲ್ಲಿ ಬೆರಳಿನಿಂದ ಮೊದಲ ಅಕ್ಷರ ಬರೆಸುವುದು, ಆಮೇಲೆ ನೆಲದ ಮರಳಿನಲ್ಲಿ ಅಕ್ಷರ ತಿದ್ದಿಸುವುದು, ಅದು ಕೈಹತ್ತಿದ ಮೇಲೆ ಹಲಗೆ ಇಲ್ಲವೇ ಕಡತದ ಮೇಲೆ ಬರೆಯಿಸುವುದು ಎಂದು ಹಂತಹಂತವಾಗಿ ವಿವರಿಸಿದ್ದಾನೆ. ಹಲಗೆ ಎಂದರೆ ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ತುಂಡು. ನಯಗೊಳಿಸಿ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಬರೆಯಲು ಸಿದ್ಧ. ಕಡತ ಬಟ್ಟೆಯದು. ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಮೇಲೆ ಇದ್ದಿಲು ಮತ್ತು ಅಂಟು ಬಳಿಯುತ್ತಿದ್ದರು. ಬರೆಯುವ ಕಡ್ಡಿ ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಹಲಗೆಯೂ ಕಡತವೂ ಮತ್ತೆ ಹೊಸದು.

ಹುಣಸೆ ಬೀಜದ ಅಂಟು ಬಳಿದು ಕಡತ ಮಾಡುವ ಕ್ರಮವೂ ಕನ್ನಡ ನಾಡಿನಲ್ಲಿತ್ತು. ವರ್ತಕರು ಅದರಲ್ಲಿ ಲೆಕ್ಕ ಬರೆದಿಡುತ್ತಿದ್ದರು. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ನೂರಾರು ಕಡತಗಳಿವೆ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ‘ಕಡತ’ ಎನ್ನುವವರಿಗೆ ಅದು ಒಂದು ಕಾಲದಲ್ಲಿ ಮಕ್ಕಳ ಸ್ಲೇಟೂ ಆಗಿತ್ತೆಂಬುದು ನೆನಪಿರಲಾರದು.

ಮರಳು ಹಡಗು ಹತ್ತಿತು

ಈ ಶಾಲೆಗಳ ಮಿತವ್ಯಯವನ್ನೂ, ಮುಂದಿನ ಹುಡುಗರು ಹಿಂದಿನವರಿಗೆ ಹೇಳಿಕೊಡುವ ಕ್ರಮವನ್ನೂ ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಆಯಿತು ಎಂದೂ ಬರೆದ. ಅದರ ಹಿಂದೆ ಒಂದು ಕಥೆಯಿದೆ. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯ ಹೊಣೆ ಹೊತ್ತ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್, ಊರ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಅಕ್ಷರ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಅದನ್ನು ಜಾರಿಗೆ ತರಹೊರಟಾಗ ಅಲ್ಲಿನ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಎಂಟು ವರ್ಷದ ಹುಡುಗನೊಬ್ಬನ ಕೈಯಲ್ಲಿ ಕಿರಿಯರಿಗೆ ಪಾಠ ಹೇಳಿಸಿದ. ಪ್ರಯೋಗ ಫಲಿಸಿತು.

ಇಂಗ್ಲೆಂಡಿಗೆ ಮರಳಿದ ಬೆಲ್ 1797ರಲ್ಲಿ ಈ ಕುರಿತು ಪುಸ್ತಕ ಪ್ರಕಟಿಸಿದ. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲೇ ಅದು ಅಲ್ಲಿನ ಬಡ ಮಕ್ಕಳ ಶಾಲೆಗಳಿಗೆ ಹಬ್ಬಿತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಮಕ್ಕಳೂ ಮರಳಿನ ತಟ್ಟೆಯಲ್ಲಿ ಬೆರಳಾಡಿಸಿ ಅಕ್ಷರ ಕಲಿತರು. ಮುಂದೆ 1907ರಲ್ಲಿ ರೋಮಿನಲ್ಲಿ ಶಿಶುಶಾಲೆ ತೆರೆದ ಮರಿಯಾ ಮಾಂಟೆಸ್ಸರಿ ಉಪ್ಪುಕಾಗದದಿಂದ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿದರು. ಮಗು ಅದರ ಮೇಲೆ ಬೆರಳಾಡಿಸುವಾಗ ಅಕ್ಷರದ ಹೆಸರನ್ನಲ್ಲ, ಧ್ವನಿಯನ್ನು ಹೇಳಬೇಕೆಂಬುದು ಅವರ ನಿಯಮ. ಕೈ, ಕಣ್ಣು, ಕಿವಿ ಮೂರನ್ನೂ ಒಟ್ಟಿಗೆ ದುಡಿಸುವ ತತ್ವದ ಮಟ್ಟಿಗೆ ಮಾಂಟೆಸ್ಸರಿಯ ಉಪ್ಪುಕಾಗದ ಮತ್ತು ನಮ್ಮ ಐಗಳ ಮರಳು ನೆಂಟರೇ ಸರಿ.

ಎರಡು ಕೊರತೆ

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನುವಂತಿಲ್ಲ. ಕ್ಯಾಂಪ್‌ಬೆಲ್ ಹೊಗಳಿದಷ್ಟೇ ಸ್ಪಷ್ಟವಾಗಿ ಒಂದು ದೋಷವನ್ನೂ ಎತ್ತಿ ತೋರಿಸಿದ. ಮಕ್ಕಳು ಓದುತ್ತಿದ್ದ ಕಾವ್ಯಗಳ ಭಾಷೆ ಆಡುಮಾತಿಗಿಂತ ದೂರ. ಹಾಗಾಗಿ ಅವರು ಸ್ವಚ್ಛವಾಗಿ ಉಚ್ಚರಿಸುತ್ತಿದ್ದರು, ಪಠಿಸುತ್ತಿದ್ದರು, ಆದರೆ ಅರ್ಥ ತಿಳಿಯುತ್ತಿರಲಿಲ್ಲ. ಧ್ವನಿಗೂ ರೂಪಕ್ಕೂ ಗಂಟು ಬಿದ್ದಿತ್ತು, ಅರ್ಥ ಮಾತ್ರ ಹೊರಗೆ ಉಳಿದಿತ್ತು.

ಎರಡನೆಯ ಕೊರತೆ ಅಂಕಿಯಲ್ಲೇ ಕಾಣುತ್ತದೆ. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಮರಳಿಗೆ ಬೆಲೆಯಿಲ್ಲ ನಿಜ. ಆದರೆ ಅದರ ಮುಂದೆ ಕೂರುವ ಹಕ್ಕು ಎಲ್ಲರಿಗೂ ಇರಲಿಲ್ಲ.

ಮಲೆನಾಡಿನ ಪರಿಸ್ಥಿತಿ ಇದಕ್ಕಿಂತ ಭಿನ್ನವಾಗಿರಲಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಡು, ಹಳ್ಳ, ಗುಡ್ಡ. ಹೀಗಾಗಿ ಸ್ಥಿತಿವಂತರ ಮನೆಗಳಿಗೆ ಘಟ್ಟದ ಕೆಳಗಿನಿಂದ ಐಗಳನ್ನು ಕರೆಸಿ ಜಗಲಿಯಲ್ಲೋ ಉಪ್ಪರಿಗೆಯಲ್ಲೋ ಪಾಠ ನಡೆಸುತ್ತಿದ್ದರು. 1904ರಲ್ಲಿ ಹುಟ್ಟಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರಿಗೂ ಮೊದಲ ಪಾಠವಾದದ್ದು ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಬಂದ ಮೇಷ್ಟರಿಂದ. ಆ ಮೇಲೆಯೇ ಅವರು ತೀರ್ಥಹಳ್ಳಿಯ ಶಾಲೆ ಸೇರಿದ್ದು. ಮನೆಯೊಡೆಯನ ಮಕ್ಕಳು ಉಪ್ಪರಿಗೆಯಲ್ಲಿ ಕಾಗುಣಿತ ಒಪ್ಪಿಸುತ್ತಿದ್ದಾಗ ಗದ್ದೆಯಲ್ಲಿ ದುಡಿಯುವವರ ಮಕ್ಕಳಿಗೆ ಆ ದನಿ ಕೇಳಿಸಿರಬಹುದು, ಅಕ್ಷರ ಕಂಡಿರಲಾರದು.

ಬಾಗಿಲು ತೆರೆಯುವ ಯತ್ನಗಳು ನಿಧಾನವಾಗಿ ನಡೆದವು. ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ಬಂದದ್ದು 1868ರಲ್ಲಿ. ಶಾಸನಗಳ ಸಂಶೋಧಕನೆಂದು ಹೆಸರಾದ ಬಿ.ಎಲ್. ರೈಸ್ ಆಗ ಶಿಕ್ಷಣ ಇಲಾಖೆಯಲ್ಲಿದ್ದು ಇದರ ಹಿಂದೆ ನಿಂತವನು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ದಾರಿ ಮಾಡುವ ಕಾನೂನು ಬಂತು. ಮಂಡಗದ್ದೆಯಂಥ ಹೋಬಳಿ ಊರುಗಳ ಮಟ್ಟಿಗೆ ಮಹತ್ವದ ಹೆಜ್ಜೆಗಳಿವು.

ಹೆಸರೇ ಧ್ವನಿ, ಆದರೂ ಕಷ್ಟ

ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ. ‘ಸೀ, ಏ, ಟೀ’ ಎಂದು ಎಷ್ಟು ಬೇಗ ಹೇಳಿದರೂ ‘ಕ್ಯಾಟ್’ ಆಗುವುದಿಲ್ಲ. ಅದಕ್ಕೇ ಅಲ್ಲಿ ಫೋನಿಕ್ಸ್ ಒಂದು ದೊಡ್ಡ ವಿವಾದವಾಯಿತು. ಇಂಗ್ಲೆಂಡಿನಲ್ಲಿ 2006ರ ರೋಸ್ ವರದಿ ಧ್ವನಿ ಕ್ರಮದ ಬೋಧನೆಯನ್ನು ಎತ್ತಿಹಿಡಿಯಿತು. 2012ರಿಂದ ಅಲ್ಲಿನ ಆರು ವರ್ಷದ ಆಸುಪಾಸಿನ ಮಕ್ಕಳಿಗೆ ಇದರ ಪರೀಕ್ಷೆಯೇ ಇದೆ.

ಕನ್ನಡದಲ್ಲಿ ‘ಕ’ ಎಂಬ ಅಕ್ಷರದ ಹೆಸರೂ ಕ, ಧ್ವನಿಯೂ ಕ. ವರ್ಣಮಾಲೆ ಕೂಡ ಧ್ವನಿ ಹುಟ್ಟುವ ಸ್ಥಾನದ ಪ್ರಕಾರ ಜೋಡಿಸಿದ್ದು. ಗಂಟಲಿನ ಕ ವರ್ಗದಿಂದ ಹೊರಟು ತುಟಿಯ ಪ ವರ್ಗಕ್ಕೆ ಬಂದು ಮುಟ್ಟುತ್ತದೆ. ಹೀಗಿದ್ದೂ ಮಕ್ಕಳಿಗೆ ಕಷ್ಟವೇಕೆ?

ಕಾರಣ ಸಂಖ್ಯೆ. ಅಕ್ಷರಗಳು 49. ಆದರೆ 34 ವ್ಯಂಜನಗಳಿಗೆ 13 ಸ್ವರಗಳನ್ನು ಸೇರಿಸಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳು ಇದಕ್ಕೆ ಹೊರತು. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಸಂಶೋಧಕಿ ಸೊನಾಲಿ ನಾಗ್, ಇಲ್ಲಿ ಅಕ್ಷರ ಕಲಿಕೆ ಮೊದಲ ಎರಡು ತರಗತಿಗೇ ಮುಗಿಯದೆ ಮುಂದೆಯೂ ಸಾಗುತ್ತದೆಂದು ತೋರಿಸಿದ್ದಾರೆ. ‘ಕ’ವನ್ನು ಒಂದು ಉಂಡೆಯಾಗಿ ಗುರುತಿಸುವುದು ಮಗುವಿಗೆ ಬೇಗ ಬರುತ್ತದೆ. ಅದರೊಳಗೆ ಕ್ ಮತ್ತು ಅ ಎಂಬ ಎರಡು ಧ್ವನಿಗಳಿವೆ ಎಂಬ ಅರಿವು ತಡವಾಗಿ ಬರುತ್ತದೆ.

ಮಂಡಗದ್ದೆಯ ಬೆಳ್ಳಕ್ಕಿಯನ್ನೇ ನೋಡಿ. ಬಾಯಲ್ಲಿ ಬಿಡಿಸಿ ಹೇಳಿದರೆ ಅದು ‘ಬೆಳ್-ಳಕ್-ಕಿ’. ಬರೆದಾಗ ‘ಬೆ-ಳ್ಳ-ಕ್ಕಿ’. ಕಿವಿ ತುಂಡು ಮಾಡುವ ಜಾಗ ಒಂದು, ಲಿಪಿ ತುಂಡು ಮಾಡುವ ಜಾಗ ಇನ್ನೊಂದು. ‘ತಲಕಟ್ಟು, ಇಳಿ, ಗುಡಿಸು, ಕೊಂಬು’ ಎಂದು ರಾಗವಾಗಿ ಒಪ್ಪಿಸುವ ಮಗು ಪುಸ್ತಕ ತೆರೆದೊಡನೆ ತಡವರಿಸುವುದು ಇಂಥಲ್ಲೇ. ಅದನ್ನು ದಡ್ಡತನವೆಂದು ಬೆತ್ತ ಎತ್ತಿದ ಕಾಲವೂ ಒಂದಿತ್ತು.

ಹೆಗ್ಗಡದೇವನಕೋಟೆಯ ಹೊಸ ಓನಾಮ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಅಲ್ಲಿ ಪಾಠಗಳು ಬಿಡಿಬಿಡಿ ಕಾರ್ಡುಗಳಲ್ಲಿದ್ದವು. ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಏರುತ್ತಿತ್ತು. ಯುನಿಸೆಫ್ ನೆರವಿನೊಂದಿಗೆ ಹೆಗ್ಗಡದೇವನಕೋಟೆಯಲ್ಲಿ ರೂಪುಗೊಂಡ ಪದ್ಧತಿಯೇ ‘ನಲಿ-ಕಲಿ’. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು.

ಅದರ ದೊಡ್ಡ ಬದಲಾವಣೆಯೆಂದರೆ ಅಕ್ಷರಗಳ ಅನುಕ್ರಮ. ಅ, ಆ, ಇ, ಈ ಎಂಬ ಹಳೆಯ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಪಾಠ ಆರಂಭವಾಯಿತು. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ, ದಸರ ಎಂಬ ಪದಗಳನ್ನು ಮಗು ಓದಬಲ್ಲದು. ಇಡೀ ವರ್ಣಮಾಲೆ ಮುಗಿಯುವವರೆಗೆ ಅರ್ಥಕ್ಕಾಗಿ ಕಾಯಬೇಕಿಲ್ಲ. ಕ್ಯಾಂಪ್‌ಬೆಲ್ ಎತ್ತಿದ್ದ ಆಕ್ಷೇಪಕ್ಕೆ ಸಿಕ್ಕ ತಡವಾದ ಉತ್ತರ ಇದು ಎನ್ನಲಡ್ಡಿಯಿಲ್ಲ.

ಕುತೂಹಲದ ಸಂಗತಿಯೆಂದರೆ ಅವನು ಮೆಚ್ಚಿದ ಕ್ರಮವೂ ಇಲ್ಲಿ ಮರಳಿ ಬಂದಿದೆ. ನಲಿ-ಕಲಿ ತರಗತಿಯಲ್ಲಿ ಮಕ್ಕಳು ಐದು ತಟ್ಟೆಗಳ ಸುತ್ತ ಗುಂಪಾಗಿ ಕೂರುತ್ತಾರೆ. ಕೆಲವು ಗುಂಪುಗಳಿಗೆ ಶಿಕ್ಷಕರ ನೆರವು, ಕೆಲವಕ್ಕೆ ಗೆಳೆಯರದೇ ನೆರವು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕರ ಮುಂದೆ ಕೂರುವ ಮಲೆನಾಡಿನ ಪುಟ್ಟ ಶಾಲೆಗಳಿಗೆ ಇದು ಒಪ್ಪುವಂಥದು. ಆದರೆ ಕಾರ್ಡುಗಳನ್ನು ಮೇಲಿನಿಂದ ಕಳುಹಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅವು ಹರಿದಾಗ, ಕಳೆದಾಗ, ಊರ ಮಾತಿಗೆ ಒಗ್ಗದಾಗ ಶಿಕ್ಷಕರೇ ಕೈಯಾರೆ ಹೊಸದನ್ನು ಮಾಡಿಕೊಳ್ಳಬೇಕಾಗುತ್ತದೆ.

ಕೈಗೆಟಕುವ ಸಾಮಗ್ರಿ

ಅಂಥ ಸಾಮಗ್ರಿಗೆ ಮಲೆನಾಡಿನಲ್ಲಿ ಬರವಿಲ್ಲ. ಬಾಗಿದ ಅಡಿಕೆ ಹಾಳೆಯಲ್ಲಿ ಜರಡಿ ಹಿಡಿದ ಮರಳು ಹರಡಿದರೆ ಬೆಲ್ ಕೊಂಡಾಡಿದ ಮರಳ ತಟ್ಟೆ ಸಿದ್ಧ. ನೆಲದ ಮೇಲೆ ದೊಡ್ಡದಾಗಿ ಬರೆದ ಅಕ್ಷರದ ಗೆರೆಯುದ್ದಕ್ಕೂ ಹುಣಸೆ ಬೀಜ ಜೋಡಿಸಿದರೆ ಕೈಗೆ ಅದರ ತಿರುವು ಗೊತ್ತಾಗುತ್ತದೆ. ಹಳೆಯ ಮದುವೆ ಕರೆಯೋಲೆಗಳ ಹಿಂಬದಿ ಅಕ್ಷರ ಬರೆಯಲು ಸಾಕಷ್ಟು ಗಟ್ಟಿ. ಗುಡಿಸು, ಕೊಂಬು, ಒತ್ತುಗಳನ್ನು ಬೇರೆ ಚೂರುಗಳಲ್ಲಿ ಬರೆದುಕೊಂಡು ಒಂದೇ ‘ಗ’ಕ್ಕೆ ಒಂದೊಂದಾಗಿ ತಾಗಿಸಿದರೆ ಧ್ವನಿ ಬದಲಾಗುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಚಂದವಿದೆಯೆಂದು ಗುಲಗಂಜಿ ಮಾತ್ರ ಬಳಸಬಾರದು, ಅದು ವಿಷ. ತೀರ ಚಿಕ್ಕ ಮಕ್ಕಳು ಹುಣಸೆ ಬೀಜವನ್ನೂ ಮೂಗಿಗೋ ಬಾಯಿಗೋ ಹಾಕಿಕೊಳ್ಳದಂತೆ ಎಚ್ಚರ ಬೇಕು.

ಇವೆಲ್ಲಕ್ಕೂ ಮೊದಲು ಬೇಕಾದದ್ದು ಏನೂ ಖರ್ಚಿಲ್ಲದ ಆಟ. ಮಳೆ, ಮರ, ಮನೆ ಎಂದು ಹೇಳಿಸಿ ಮೊದಲ ದನಿ ಯಾವುದೆಂದು ಕೇಳುವುದು. ಹೊಳೆ ಎಂದರೆ ಎರಡು ಚಪ್ಪಾಳೆ, ಅಡಿಕೆ ಎಂದರೆ ಮೂರು ಎಂದು ಎಣಿಸುವುದು. ಕಿವಿ ಹದವಾಗದೆ ಕೈಗೆ ಬಳಪ ಕೊಟ್ಟರೆ ಅಕ್ಷರ ಬರೀ ಚಿತ್ರವಾಗಿ ಉಳಿಯುತ್ತದೆ.

ಇನ್ನೂರು ವರ್ಷಗಳ ಈ ಕಥೆಯಲ್ಲಿ ಸಾಮಗ್ರಿಯ ಕೊರತೆ ಒಮ್ಮೆಯೂ ಮುಖ್ಯ ಅಡ್ಡಿಯಾಗಿರಲಿಲ್ಲ. ಮರಳು ಅಂದೂ ಇತ್ತು. ಇಲ್ಲದಿದ್ದದ್ದು ಎರಡು: ಓದಿದ್ದರ ಅರ್ಥ, ಎಲ್ಲರಿಗೂ ತೆರೆದ ಬಾಗಿಲು. ಬೆಲೆಬಾಳುವ ಪೆಟ್ಟಿಗೆ ಕೊಳ್ಳಲಾಗದ ಮನೆಯ ಮಗು ಹಿಂದೆ ಬೀಳುತ್ತದೆಂಬ ಭಯ ಇಂದು ಅನೇಕ ಪಾಲಕರಿಗಿದೆ. ಅಡಿಕೆ ಹಾಳೆ, ಹುಣಸೆ ಬೀಜ ಮತ್ತು ಪಕ್ಕದಲ್ಲಿ ಕುಳಿತು ಕಿವಿಗೊಡುವ ಒಬ್ಬ ದೊಡ್ಡವರು ಇದ್ದರೆ ಆ ಭಯಕ್ಕೆ ಕಾರಣವಿಲ್ಲ. ಅಷ್ಟಾದರೆ, ಶಾಲೆಯಿಂದ ಮನೆಗೆ ಮರಳುವ ಮಗು ಒಂದು ದಿನ ರಸ್ತೆ ಬದಿಯ ಫಲಕದ ಮುಂದೆ ನಿಂತು ಸೊನ್ನೆ, ಒತ್ತು, ಏತ್ವ ಯಾವುದನ್ನೂ ಬಿಡದೆ ತನ್ನೂರಿನ ಹೆಸರನ್ನು ತಾನೇ ಓದುತ್ತದೆ.