ಮೂರಡಿ ದೂರದ ಸೋಲು

1970ರ ಜುಲೈ ತಿಂಗಳು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ಗಾಲ್ಫ್ ಪಂದ್ಯಾವಳಿ. ಅಮೆರಿಕದ ಡಗ್ ಸ್ಯಾಂಡರ್ಸ್ ನಾಲ್ಕು ದಿನಗಳಲ್ಲಿ 71 ಕುಳಿಗಳನ್ನು ಮುಗಿಸಿ 72ನೆಯದರ ಬಳಿ ನಿಂತಿದ್ದರು. ಪ್ರಶಸ್ತಿಗೂ ಅವರಿಗೂ ನಡುವೆ ಉಳಿದಿದ್ದದ್ದು ಮೂರಡಿಯೂ ಇಲ್ಲದ ಒಂದು ಹೊಡೆತ. ಹೊಡೆಯುವ ಮುನ್ನ ಚೆಂಡಿನ ದಾರಿಯಲ್ಲಿ ಏನೋ ಬಿದ್ದಂತೆ ಕಂಡಿತು. ಪಾದ ಕದಲಿಸದೆ ಬಗ್ಗಿ ತೆಗೆಯಲು ಹೋದರು. ನೋಡಿದರೆ ಅದು ಒಣಗಿದ ಹುಲ್ಲು, ಅಷ್ಟೆ. ಮತ್ತೆ ನೆಟ್ಟಗಾಗಿ, ಹಿಂದೆ ಸರಿದು ಹೊಸದಾಗಿ ನಿಲ್ಲುವ ಗೋಜಿಗೆ ಹೋಗದೆ, ಹಾಗೆಯೇ ಹೊಡೆದರು. ಚೆಂಡು ಕುಳಿಯ ಬಲಕ್ಕೆ ಜಾರಿ ಹೋಯಿತು. ಮರುದಿನ ಜ್ಯಾಕ್ ನಿಕ್ಲಾಸ್ ಜೊತೆ ಹದಿನೆಂಟು ಕುಳಿಗಳ ಮರುಪಂದ್ಯ. ನಿಕ್ಲಾಸ್ 72, ಸ್ಯಾಂಡರ್ಸ್ 73. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2020ರಲ್ಲಿ ತೀರಿಕೊಳ್ಳುವವರೆಗೂ ಸ್ಯಾಂಡರ್ಸ್ ಎಂದೊಡನೆ ಜನರಿಗೆ ನೆನಪಾಗುತ್ತಿದ್ದದ್ದು ಆ ಒಂದು ಹೊಡೆತವೇ.

ಗಾಲ್ಫ್ ಆಡದವರಿಗೆ ಇದು ವಿಚಿತ್ರವೆನಿಸಬಹುದು. ಮುನ್ನೂರು ಗಜ ದೂರಕ್ಕೆ ಚೆಂಡು ಚಿಮ್ಮಿಸಬಲ್ಲವರು ಮೂರಡಿ ಉರುಳಿಸಲಾರರೇ? ಆದರೆ ಈ ಆಟದ ಲೆಕ್ಕದಲ್ಲಿ ಆ ಮುನ್ನೂರು ಗಜಕ್ಕೂ ಈ ಮೂರಡಿಗೂ ಒಂದೇ ಬೆಲೆ: ಒಂದು ಹೊಡೆತ. ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿನ ಮೇಲೆ ಚೆಂಡನ್ನು ಉರುಳಿಸುವುದಕ್ಕೆ ಪಟ್ ಎಂದೂ, ಅದಕ್ಕಾಗಿ ಬಳಸುವ ಕೋಲಿಗೆ ಪಟರ್ ಎಂದೂ ಹೆಸರು. ಮೂರಡಿ ನೆಲ ಎಷ್ಟು ದೊಡ್ಡದು ಎಂಬುದು ಬಲಿ ಚಕ್ರವರ್ತಿಯ ನಂತರ ಚೆನ್ನಾಗಿ ತಿಳಿದಿರುವುದು ಗಾಲ್ಫ್ ಆಟಗಾರರಿಗೇ ಇರಬೇಕು.

ಮೊದಲು ಬರಿಯ ಲೆಕ್ಕ ನೋಡೋಣ. ಕುಳಿಯ ಅಗಲ 4.25 ಅಂಗುಲ. ಸ್ಕಾಟ್ಲೆಂಡಿನ ಮಸಲ್‌ಬರೋದಲ್ಲಿ 1829ರ ಹೊತ್ತಿಗೇ ಬಳಕೆಯಲ್ಲಿದ್ದ ಕುಳಿ ತೋಡುವ ಉಪಕರಣದ ಅಳತೆಯನ್ನೇ 1891ರಲ್ಲಿ ನಿಯಮವಾಗಿಸಿದರು. ಮೆಲ್ಲಗೆ ಉರುಳುವ ಚೆಂಡಿನ ನಡುಬಿಂದು ಈ ಕುಳಿಯ ಅಂಚಿನೊಳಗೆ ಹಾದರೆ ಸಾಕು, ಚೆಂಡು ಬೀಳುತ್ತದೆ. ಅಂದರೆ ಸಮತಟ್ಟು ನೆಲದಲ್ಲಿ ಮೂರಡಿಯಿಂದ ಹೊಡೆಯುವಾಗ ಎಡಕ್ಕೋ ಬಲಕ್ಕೋ ಸುಮಾರು ಮೂರು ಡಿಗ್ರಿಯಷ್ಟು ತಪ್ಪಿದರೂ ಚಿಂತೆಯಿಲ್ಲ. ಗಡಿಯಾರದ ನಿಮಿಷದ ಮುಳ್ಳು ಅರ್ಧ ನಿಮಿಷದಲ್ಲಿ ತಿರುಗುವಷ್ಟು ಅಂತರ. ಆರಡಿಯಲ್ಲಿ ಇದು ಅರ್ಧಕ್ಕೆ ಇಳಿಯುತ್ತದೆ. ವೇಗ ಹೆಚ್ಚಿದಂತೆ ಕುಳಿಯೇ ಕಿರಿದಾದಂತೆ. ಸೆಕೆಂಡಿಗೆ 1.6 ಮೀಟರ್‌ಗಿಂತ ವೇಗವಾಗಿ ಬಂದರೆ ನಡುಮಧ್ಯಕ್ಕೆ ಬಂದ ಚೆಂಡೂ ಹಾರಿ ಆಚೆ ಹೋಗುತ್ತದೆ ಎಂದು ಬ್ರಯನ್ ಹೋಮ್ಸ್ ಎಂಬ ಭೌತವಿಜ್ಞಾನಿ 1991ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಮೂರು ಡಿಗ್ರಿ ಎಂದರೆ ಜಿಪುಣತನವೇನಲ್ಲ. ವೃತ್ತಿಪರರು ಮೂರಡಿಯಿಂದ ನೂರಕ್ಕೆ ಸುಮಾರು 96 ಸಲ ಚೆಂಡನ್ನು ಕುಳಿಗೆ ಹಾಕುತ್ತಾರೆ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಮೆರಿಕದ ಪಂದ್ಯಾವಳಿಗಳ ಅಂಕಿಅಂಶಗಳಿಂದ ಲೆಕ್ಕ ತೆಗೆದಿದ್ದಾರೆ. ಎಂಟಡಿಗೆ ಹೋದರೆ ಯಶಸ್ಸು ಐವತ್ತಕ್ಕೆ ಕುಸಿಯುತ್ತದೆ. ಎಂಟಡಿಯ ಪಟ್ ತಪ್ಪಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮೂರಡಿಯದು ತಪ್ಪಿದರೆ ಮಾತ್ರ, ತಪ್ಪಿದ್ದು ಚೆಂಡಲ್ಲ, ಮನುಷ್ಯ ಎಂಬಂತೆ ನೋಡುತ್ತಾರೆ. ಈ ತಪ್ಪಿಗೆ ಕಾರಣ ಹುಡುಕಿದ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಬಹುಕಾಲ ಇದನ್ನು ಧೈರ್ಯದ ಕೊರತೆ ಎಂದೇ ತಿಳಿದಿದ್ದರು. ಆದರೆ ಹ್ಯಾರಿ ವಾರ್ಡನ್ ಅವರನ್ನು ಅಂಜುಬುರುಕ ಎನ್ನುವುದು ಹೇಗೆ? ಬ್ರಿಟಿಷ್ ಓಪನ್ ಅನ್ನು ಆರು ಬಾರಿ ಗೆದ್ದವರು ಅವರು. ಆ ದಾಖಲೆ ಇಂದಿಗೂ ಮುರಿದಿಲ್ಲ. ಕ್ಷಯರೋಗದಿಂದ ಚೇತರಿಸಿಕೊಂಡು ಬಂದ ಮೇಲೆ ಅವರಿಗೆ ಸಣ್ಣ ಪಟ್‌ಗಳಲ್ಲಿ ಬಲಗೈ ತಾನಾಗಿ ಜಿಗಿಯುವ ಕಾಟ ಶುರುವಾಯಿತು. ಉದ್ದದ ಹೊಡೆತಗಳಿಗೆ ಈ ಬಾಧೆ ಇರಲಿಲ್ಲ. ಚೆಂಡು ಕುಳಿಗೆ ಹತ್ತಿರವಾದಷ್ಟೂ ಕೈ ಮಾತು ಕೇಳುತ್ತಿರಲಿಲ್ಲ. ಮುಂದೆ 1927ರ ಯು.ಎಸ್. ಓಪನ್ ಹಾಗೂ 1931ರ ಬ್ರಿಟಿಷ್ ಓಪನ್ ವಿಜೇತ ಟಾಮಿ ಆರ್ಮರ್ ಈ ಕಾಟಕ್ಕೆ ‘ಯಿಪ್ಸ್’ ಎಂದು ಹೆಸರಿಟ್ಟರು. ಅರ್ಥವಿಲ್ಲದ ಪದ, ಬಿಕ್ಕಳಿಕೆಯಂತೆ ಕೇಳಿಸುತ್ತದೆ. ಆದರೂ ಒಳ್ಳೆಯ ಹೆಸರೇ, ಏಕೆಂದರೆ ಅದರಲ್ಲಿ ಆರೋಪವಿಲ್ಲ.

ಇನ್ನೊಂದು ಬಣ ದೋಷವನ್ನು ಕೋಲಿನಲ್ಲಿ ಹುಡುಕಿತು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಆರ್ಥರ್ ನೈಟ್, ಹಿಡಿಯನ್ನು ತಲೆಯ ತುದಿಗೆ ಜೋಡಿಸದೆ ನಡುವಿಗೆ ಹತ್ತಿರ ತಂದ ಪಟರ್ ಒಂದನ್ನು ರೂಪಿಸಿದರು. ಅದನ್ನು ಹಿಡಿದು ವಾಲ್ಟರ್ ಟ್ರಾವಿಸ್ 1904ರಲ್ಲಿ ಬ್ರಿಟಿಷ್ ಅಮೆಚೂರ್ ಪ್ರಶಸ್ತಿಯನ್ನು ಅಮೆರಿಕಕ್ಕೆ ಹೊತ್ತೊಯ್ದರು. 1910ರಲ್ಲಿ ಸೇಂಟ್ ಆಂಡ್ರೂಸ್‌ನ ಹಿರಿಯರು ಅಂಥ ಕೋಲನ್ನೇ ನಿಷೇಧಿಸಿದರು. ಅಮೆರಿಕ ಒಪ್ಪಲಿಲ್ಲ. ಎರಡೂ ದಂಡೆಗಳ ನಿಯಮ ಮತ್ತೆ ಒಂದಾಗಲು 1951ರವರೆಗೆ ಕಾಯಬೇಕಾಯಿತು. ಇದೇ ಜನರಲ್ ಎಲೆಕ್ಟ್ರಿಕ್‌ನ ಇನ್ನೊಬ್ಬ ಎಂಜಿನಿಯರ್, ನಾರ್ವೆ ಮೂಲದ ಕಾರ್ಸ್ಟನ್ ಸೋಲ್‌ಹೈಮ್ ನಲವತ್ತು ದಾಟಿದ ಮೇಲೆ ಆಟ ಕಲಿತು, ತಮ್ಮ ಪಟ್‌ಗಳು ತಪ್ಪುವುದನ್ನು ಕಂಡು, 1959ರಲ್ಲಿ ಹೊಸ ಪಟರ್ ಮಾಡಿದರು. ತೂಕವನ್ನು ತಲೆಯ ಎರಡು ತುದಿಗಳಿಗೆ ಹಂಚಿದ್ದರಿಂದ ಚೆಂಡು ಸ್ವಲ್ಪ ಆಚೀಚೆ ತಗುಲಿದರೂ ಕೋಲಿನ ಮುಖ ತಿರುಚಿಕೊಳ್ಳುತ್ತಿರಲಿಲ್ಲ. ಹೊಡೆದಾಗ ಬರುತ್ತಿದ್ದ ‘ಪಿಂಗ್’ ಸದ್ದೇ ಕಂಪನಿಯ ಹೆಸರಾಯಿತು. ಹೀಗೆ ತೂಕ ಹಂಚುವುದನ್ನು ಯಾರೂ ನಿಷೇಧಿಸಲಿಲ್ಲ. ಕೋಲಿನ ಅಡ್ಡಾದಿಡ್ಡಿತನ ತಿದ್ದುವುದು ಸರಿ, ಆದರೆ ಕೈಯ ನಡುಕವನ್ನು ಮರೆಸುವುದು ತಪ್ಪು ಎಂಬ ಒಂದು ಗೆರೆ ಹೀಗೆ ಮೆಲ್ಲಗೆ ಮೂಡತೊಡಗಿತು.

ಆ ಗೆರೆ ಸ್ಯಾಮ್ ಸ್ನೀಡ್ ಅವರ ಪಾದದ ಕೆಳಗೇ ಎಳೆಯಲ್ಪಟ್ಟಿತು. 82 ಪಂದ್ಯಾವಳಿ ಗೆದ್ದ ಈ ಮಹಾನ್ ಆಟಗಾರ ಒಮ್ಮೆಯೂ ಯು.ಎಸ್. ಓಪನ್ ಗೆಲ್ಲಲಿಲ್ಲ. 1947ರಲ್ಲಿ ಸೇಂಟ್ ಲೂಯಿಸ್‌ನ ಮರುಪಂದ್ಯದ ಕೊನೆಯ ಕುಳಿಯಲ್ಲಿ ಅವರೂ ಲ್ಯೂ ವರ್ಶಮ್ ಅವರೂ ಸಮ. ಸ್ನೀಡ್ ಹೊಡೆಯಲು ಸಜ್ಜಾದಾಗ ವರ್ಶಮ್ ತಡೆದು, ಯಾರ ಚೆಂಡು ದೂರವಿದೆ ಅಳೆಯಿರಿ ಎಂದರು. ಟೇಪು ತರಿಸಿದರು. ಸ್ನೀಡ್ ಅವರದು 30.5 ಅಂಗುಲ, ವರ್ಶಮ್ ಅವರದು 29.5. ಮೊದಲು ಹೊಡೆಯಬೇಕಾದವರು ಸ್ನೀಡ್ ಅವರೇ ಎಂದಾಯಿತು. ಹೊಡೆದರು, ತಪ್ಪಿತು. ವರ್ಶಮ್ ತಪ್ಪಲಿಲ್ಲ.

ವಯಸ್ಸಾದಂತೆ ಸ್ನೀಡ್ ಅವರಿಗೂ ಯಿಪ್ಸ್ ಅಂಟಿತು. 1966ರಲ್ಲಿ ಅವರು ಚೆಂಡಿನ ದಾರಿಯ ಎರಡೂ ಬದಿಗೆ ಕಾಲಿಟ್ಟು, ಕ್ರೋಕೆ ಆಟದವರಂತೆ ಕುಳಿಗೆ ಮುಖ ಮಾಡಿ ಹೊಡೆಯಲು ಶುರುಮಾಡಿದರು. ನೋಡಲು ಚೆಂದವಿರಲಿಲ್ಲ, ಆದರೆ ಚೆಂಡು ಬೀಳುತ್ತಿತ್ತು. 1968ರಿಂದ ಹೀಗೆ ನಿಲ್ಲುವುದು ನಿಯಮಬಾಹಿರವಾಯಿತು. ಸ್ನೀಡ್ ಬಿಡಬೇಕಲ್ಲ! ಎರಡೂ ಕಾಲನ್ನು ಒಂದೇ ಬದಿಗೆ ತಂದು, ಪಕ್ಕದಿಂದ ಹೊಡೆಯುವುದನ್ನು ಕಲಿತರು. 1974ರ ಪಿ.ಜಿ.ಎ. ಚಾಂಪಿಯನ್‌ಷಿಪ್‌ನಲ್ಲಿ ಮೂರನೆಯ ಸ್ಥಾನ ಹಂಚಿಕೊಂಡಾಗ ಅವರಿಗೆ 62 ವರ್ಷ.

ಸ್ನೀಡ್ ಅವರ ಈ ಹಟಕ್ಕೆ ವೈದ್ಯಶಾಸ್ತ್ರದ ಬೆಂಬಲ ಸಿಕ್ಕಿದ್ದು ತಡವಾಗಿ. 2000ದ ಆಸುಪಾಸಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ತಜ್ಞರು ಯಿಪ್ಸ್ ಪೀಡಿತರನ್ನು ಪರೀಕ್ಷಿಸಿ, ಈ ಒಂದು ಹೆಸರಿನಡಿ ಎರಡು ಬೇರೆ ಸಂಗತಿಗಳಿವೆ ಎಂದರು. ಒಂದು, ಎಲ್ಲರಿಗೂ ಗೊತ್ತಿರುವ ಆತಂಕ. ಇನ್ನೊಂದು, ನರಸಂಬಂಧಿ ಬಾಧೆ: ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿದವರಿಗೆ ಅದೇ ಚಲನೆಯಲ್ಲಿ ಮಾತ್ರ ಸ್ನಾಯು ಸೆಟೆದುಕೊಳ್ಳುವುದು. ಗುಮಾಸ್ತರಿಗೆ ಬರೆಯುವಾಗ, ವಾದ್ಯಗಾರರಿಗೆ ನುಡಿಸುವಾಗ ಬೆರಳು ಹಿಡಿದುಕೊಳ್ಳುವುದುಂಟಲ್ಲ, ಅದೇ ಜಾತಿಯದು. ಕೆಲವರಲ್ಲಿ ಪಟ್ ಹೊಡೆಯುವ ಗಳಿಗೆಗೆ ಮಣಿಕಟ್ಟನ್ನು ಬಗ್ಗಿಸುವ ಸ್ನಾಯು, ನೀಳಗೊಳಿಸುವ ಸ್ನಾಯು ಎರಡೂ ಒಟ್ಟಿಗೇ ಬಿಗಿಯುವುದು ಯಂತ್ರಗಳಲ್ಲಿ ದಾಖಲಾಯಿತು. ಅದೇ ಕೈ ಚಹಾ ಲೋಟವನ್ನು ಒಂದು ಹನಿ ಚೆಲ್ಲದೆ ಎತ್ತಬಲ್ಲದು. ಇಂಥವರಿಗೆ ಧೈರ್ಯ ತಂದುಕೋ ಎಂದು ಹೇಳುವುದು ಕುಂಟುವವರಿಗೆ ಓಡು ಎಂದಂತೆಯೇ. ಹಿಡಿತ, ನಿಲುವು, ಕೋಲು ಬದಲಿಸಿದರೆ ಗುಣ ಕಾಣುವುದೇಕೆ ಎಂಬುದಕ್ಕೂ ಇಲ್ಲಿ ಒಂದು ಅರ್ಥ ಸಿಗುತ್ತದೆ. ಮಿದುಳಿಗೆ ಅದು ಹಳೆಯ ಕೆಲಸವಲ್ಲ, ಹೊಸ ಕೆಲಸ.

ಈ ಮಾತಿಗೆ ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಅವರಿಗಿಂತ ದೊಡ್ಡ ಸಾಕ್ಷಿ ಬೇಡ. ಹದಿಹರೆಯ ಮುಗಿಯುವ ಮೊದಲೇ ಅವರಿಗೆ ಯಿಪ್ಸ್ ಬಂತು. ಸಣ್ಣ ಪಟ್‌ಗಳಿಗೆ ಎಡಗೈಯನ್ನು ಕೆಳಗೆ ತಂದು ಹಿಡಿಯುವ ಕ್ರಮ ರೂಢಿಸಿಕೊಂಡು 1985ರ ಮಾಸ್ಟರ್ಸ್ ಗೆದ್ದರು. ಕಾಟ ಮರಳಿತು. ಕೋಲಿನ ಹಿಡಿಯನ್ನು ಎಡ ಮುಂಗೈಗೆ ಒತ್ತಿ, ಎರಡನ್ನೂ ಬಲಗೈಯಿಂದ ಅಮುಕಿ ಹಿಡಿಯುವ ಹೊಸ ಬಗೆ ಕಂಡುಕೊಂಡರು. ಮುರಿದ ಮೂಳೆಗೆ ದಬ್ಬೆ ಕಟ್ಟಿದಂತೆ. 1991ರ ರೈಡರ್ ಕಪ್‌ನ ಕಟ್ಟಕಡೆಯ ಪಂದ್ಯದ ಕಟ್ಟಕಡೆಯ ಕುಳಿಯಲ್ಲಿ ಅವರ ಆರಡಿಯ ಪಟ್ ತಪ್ಪಿ ಕಪ್ ಅಮೆರಿಕದ ಪಾಲಾಯಿತು. ಮುಂದಿನ ವಾರವೇ ಅವರು ಜರ್ಮನಿಯಲ್ಲಿ ಒಂದು ಪಂದ್ಯಾವಳಿ ಗೆದ್ದರು. 1993ರಲ್ಲಿ ಅದೇ ದಬ್ಬೆ ಹಿಡಿತದಿಂದ ಎರಡನೆಯ ಮಾಸ್ಟರ್ಸ್. ಅದೂ ಕೈಕೊಟ್ಟಾಗ, ಎದೆಯೆತ್ತರದ ಪೊರಕೆಯಂಥ ಉದ್ದ ಪಟರ್ ಹಿಡಿದರು.

ಉದ್ದದ ಪಟರ್‌ನ ತುದಿಯನ್ನು ಎದೆಗೋ, ತುಸು ಗಿಡ್ಡದಾದರೆ ಹೊಟ್ಟೆಗೋ ಆನಿಸಿ ಹೊಡೆಯುವುದು ಮೊದಲು ವಯಸ್ಸಾದವರ ಊರುಗೋಲು ಎನಿಸಿತ್ತು. 2011ರಲ್ಲಿ ಕೀಗನ್ ಬ್ರಾಡ್ಲಿ ಹೀಗೆ ಆನಿಸಿ ಪಿ.ಜಿ.ಎ. ಚಾಂಪಿಯನ್‌ಷಿಪ್ ಗೆದ್ದರು. 2012ರಲ್ಲಿ ವೆಬ್ ಸಿಂಪ್ಸನ್, ಎರ್ನಿ ಎಲ್ಸ್, 2013ರಲ್ಲಿ ಆಡಮ್ ಸ್ಕಾಟ್ ದೊಡ್ಡ ಪ್ರಶಸ್ತಿಗಳನ್ನು ಹಾಗೆಯೇ ಗೆದ್ದರು. ನಿಯಮ ಮಾಡುವವರು ಎಚ್ಚೆತ್ತರು. ಒತ್ತಡದಲ್ಲಿಯೂ ಇಡೀ ಕೋಲನ್ನು ಸ್ವತಂತ್ರವಾಗಿ ತೂಗಿ ಹತೋಟಿಯಲ್ಲಿಡುವುದೇ ಆಟದ ಮೂಲ ಸವಾಲು ಎಂದು ವಾದಿಸಿ, 2016ರ ಜನವರಿ 1ರಿಂದ ಆನಿಸುವುದನ್ನು ನಿಷೇಧಿಸಿದರು. ಮೂರು ತಿಂಗಳ ಬಳಿಕ ಮಾಸ್ಟರ್ಸ್‌ನ ಮೊದಲ ಕುಳಿಯಲ್ಲಿ ಎರ್ನಿ ಎಲ್ಸ್ ಮೂರಡಿಯೊಳಗಿನಿಂದ ಆರು ಪಟ್ ಹೊಡೆದರು. ಆರು! ನಾಲ್ಕರಲ್ಲಿ ಮುಗಿಯಬೇಕಾದ ಕುಳಿಗೆ ಒಂಬತ್ತು. ನಡುಗುವ ಕೈಗೆ ಸಿಕ್ಕ ಆಸರೆಯನ್ನು ಕಿತ್ತುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆಗೆ ಅಂದಿನ ದೃಶ್ಯಕ್ಕಿಂತ ಹೆಚ್ಚಿನ ವಾದ ಬೇಕಿಲ್ಲ ಎಂದು ನನ್ನ ಎಣಿಕೆ. ಓಟಗಾರನ ಕಾಲು ಬಲವಾಗಿರಬೇಕು ಎನ್ನುವುದು ಆಟದ ನಿಯಮ. ಸ್ನಾಯುವಿನ ರೋಗ ಇರಕೂಡದು ಎನ್ನುವುದು ಯಾವ ಆಟದ ನಿಯಮ?

ಹಾಗೆಂದು ತಪ್ಪುವ ಪಟ್‌ಗಳೆಲ್ಲ ರೋಗವಲ್ಲ. ಭಾನುವಾರದ ಆಟಗಾರರದು ಹೆಚ್ಚಾಗಿ ಸಾದಾ ಕಾರಣವೇ. ನಾಸಾದಲ್ಲಿ ವಿಜ್ಞಾನಿಯಾಗಿದ್ದು ಪಟ್ ಕಲಿಸಲು ಹೊರಟ ಡೇವ್ ಪೆಲ್ಜ್ ಅಳೆದು ಹೇಳಿದ್ದು ಇದು: ಚೆಂಡು ಹೊರಡುವ ದಿಕ್ಕಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನಿರ್ಧಾರವಾಗುವುದು ತಗುಲುವ ಕ್ಷಣದಲ್ಲಿ ಕೋಲಿನ ಮುಖ ಎತ್ತ ನೋಡುತ್ತಿದೆ ಎಂಬುದರಿಂದ, ಕೋಲು ಬೀಸಿದ ದಾರಿಯಿಂದಲ್ಲ. ಆದ್ದರಿಂದ ಮೊದಲು ತಿದ್ದಬೇಕಾದದ್ದು ಮುಖ. ಎರಡನೆಯದು ಕಣ್ಣು. ಕೆನಡಾದ ಜೋನ್ ವಿಕರ್ಸ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನುರಿತವರ ನೋಟ ಹೊಡೆಯುವ ಮುನ್ನ ಚೆಂಡಿನ ಮೇಲೆ ಎರಡು ಸೆಕೆಂಡಿನಷ್ಟು ನೆಟ್ಟಿರುವುದು ಕಂಡಿತು. ಉಳಿದವರ ಕಣ್ಣು ಅತ್ತಿತ್ತ ಅಲೆಯುತ್ತಿತ್ತು. ಜೋರ್ಡನ್ ಸ್ಪೀತ್ ಮಾತ್ರ 2015ರ ಮಾಸ್ಟರ್ಸ್ ಗೆದ್ದಾಗ ಸಣ್ಣ ಪಟ್‌ಗಳಿಗೆ ಚೆಂಡನ್ನೇ ನೋಡದೆ ಕುಳಿಯನ್ನು ನೋಡುತ್ತ ಹೊಡೆಯುತ್ತಿದ್ದರು. ಗೋಲಿ ಆಡುವ ಹುಡುಗ ತನ್ನ ಬೆರಳು ನೋಡುತ್ತಾನೆಯೇ?

ಇಷ್ಟಾದರೂ ಖಾತರಿಯೇನಿಲ್ಲ. 2024ರ ಯು.ಎಸ್. ಓಪನ್‌ಗೆ ಬಂದಾಗ ರೋರಿ ಮ್ಯಾಕಿಲ್‌ರಾಯ್ ಆ ವರ್ಷದ ಮೂರಡಿಯೊಳಗಿನ 496 ಪಟ್‌ಗಳಲ್ಲಿ ಒಂದನ್ನೂ ತಪ್ಪಿಸಿರಲಿಲ್ಲ. ಕೊನೆಯ ದಿನ ಹದಿನಾರನೆಯ ಕುಳಿಯಲ್ಲಿ ಎರಡೂವರೆ ಅಡಿಯದು ತಪ್ಪಿತು. ಹದಿನೆಂಟರಲ್ಲಿ ನಾಲ್ಕಡಿಯೊಳಗಿನದು ತಪ್ಪಿತು. ಒಂದೇ ಹೊಡೆತದಿಂದ ಸೋತರು. 2025ರ ಏಪ್ರಿಲ್‌ನಲ್ಲಿ ಮಾಸ್ಟರ್ಸ್‌ನ ಕೊನೆಯ ಕುಳಿಯಲ್ಲಿ ಐದಡಿಯದು ತಪ್ಪಿ ಹೆಚ್ಚುವರಿ ಆಟಕ್ಕೆ ಹೋಗಬೇಕಾಯಿತು. ಅದೇ ಕುಳಿಗೆ ಮರಳಿ ಬಂದು ನಾಲ್ಕಡಿಯದನ್ನು ಹಾಕಿ ಗೆದ್ದರು.

ಲ್ಯಾಂಗರ್ ಆನಿಸುವುದನ್ನು ಬಿಟ್ಟರು, ಉದ್ದದ ಕೋಲನ್ನು ಬಿಡಲಿಲ್ಲ. ಈಗ ಅದರ ತುದಿಯನ್ನು ಎದೆಯಿಂದ ತುಸು ದೂರದಲ್ಲಿ ಗಾಳಿಯಲ್ಲಿ ಹಿಡಿದು ಹೊಡೆಯುತ್ತಾರೆ. 2023ರಲ್ಲಿ, 65ರ ವಯಸ್ಸಿನಲ್ಲಿ, ಅಮೆರಿಕದ ಹಿರಿಯರ ಓಪನ್ ಗೆದ್ದರು. ಮ್ಯಾಕಿಲ್‌ರಾಯ್ ಗೆದ್ದ 2025ರ ಮಾಸ್ಟರ್ಸ್ ಲ್ಯಾಂಗರ್ ಅವರಿಗೆ ಆ ಅಂಗಳದಲ್ಲಿ ವಿದಾಯದ ಆಟವಾಗಿತ್ತು. ಎರಡನೆಯ ದಿನ ಹದಿನೆಂಟನೆಯ ಕುಳಿಯಲ್ಲಿ ಅವರ ಪಟ್ ತಪ್ಪಿತು. ಆ ಒಂದು ಹೊಡೆತದ ಅಂತರದಿಂದ ಶನಿವಾರದ ಆಟಕ್ಕೆ ಅರ್ಹತೆ ಕೈತಪ್ಪಿತು.