ಹೆಬ್ಬೆಟ್ಟು ಎಂದು ಹಳಿಯುವ ಮುನ್ನ

ಪ್ರಗತಿಪತ್ರದ ಮೇಲೆ ಅಬ್ಬಾ ಒತ್ತಿದ ಹೆಬ್ಬೆಟ್ಟಿನ ಗುರುತು ಗೆಳೆಯರ ಕಣ್ಣಿಗೆ ಬೀಳದಂತೆ ನೀವು ಎಂದಾದರೂ ಕೈ ಅಡ್ಡ ಹಿಡಿದಿದ್ದೀರಾ? ನಾನು ಹಿಡಿದಿದ್ದೇನೆ. ಕಲಿತವರು ಕಲಿಯದವರನ್ನು ಕೀಳಾಗಿ ಕಾಣುವ ಕೆಟ್ಟ ಚಾಳಿ ಅನೇಕ ವೇಳೆ ನಮ್ಮ ಮನೆಯೊಳಗೇ ಆರಂಭವಾಗುತ್ತದೆ. ಆದ್ದರಿಂದ ನಮ್ಮ ನಾಡಿನದೇ ಇತಿಹಾಸದ ಒಂದು ಪುಟವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಓದು ಬರಹ ಅವರಿಗೆ ದಕ್ಕಲಿಲ್ಲ. ಆದರೂ 1761ರ ವೇಳೆಗೆ ಮೈಸೂರಿನ ಆಡಳಿತ ಅವರ ಕೈಗೆ ಬಂತು. 1769ರಲ್ಲಿ ಮದ್ರಾಸಿನ ಹೊಸ್ತಿಲಿಗೇ ಸೈನ್ಯ ತಂದು ಇಂಗ್ಲಿಷರನ್ನು ಸಂಧಿಗೆ ಒಪ್ಪಿಸಿದರು.

ಅಕ್ಷರ ಬಾರದವರು ಒಂದು ರಾಜ್ಯದ ಕಾಗದ ಪತ್ರಗಳನ್ನು ಹೇಗೆ ನಿಭಾಯಿಸಿದರು ಎಂದು ನೀವು ಕೇಳಬಹುದು. 1779ರಲ್ಲಿ ಮದ್ರಾಸ್ ಸರಕಾರದ ದೂತರಾಗಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಜರ್ಮನ್ ಪಾದ್ರಿ ಶ್ವಾರ್ಟ್ಜ್ ಅದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಒಂದರ ಹಿಂದೊಂದು ಪತ್ರವನ್ನು ಓದಿಸಿ ಕೇಳುವುದು, ಆ ಕ್ಷಣವೇ ಉತ್ತರ ಹೇಳುವುದು. ಗುಮಾಸ್ತ ಬರೆದು ತಂದು ಓದಿದರೆ ಸಾಲದು, ಇನ್ನೊಬ್ಬನನ್ನು ಕರೆಸಿ ಅದೇ ಪತ್ರವನ್ನು ಮತ್ತೆ ಓದಿಸುವುದು. ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಬರೆದವನ ತಲೆಯೇ ಹೋಗುತ್ತಿತ್ತಂತೆ. ಆ ಕ್ರೌರ್ಯವನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಓದು ಬಾರದವರನ್ನು ಸುಲಭವಾಗಿ ಮೋಸಗೊಳಿಸಬಹುದೆಂದು ತಿಳಿದಿದ್ದ ಗುಮಾಸ್ತರ ಪಾಡನ್ನು ಊಹಿಸಿಕೊಳ್ಳಿ!

ಇಂಗ್ಲಿಷ್ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಹೈದರಾಲಿಯವರ ಅಭಿಮಾನಿಯೇನಲ್ಲ. ಆದರೂ ಅವರು ಹಿಂದೂಸ್ತಾನಿ, ಕನ್ನಡ, ಮರಾಠಿ, ತೆಲುಗು, ತಮಿಳು, ಈ ಐದು ಭಾಷೆಗಳನ್ನು ಸರಾಗವಾಗಿ ಆಡುತ್ತಿದ್ದರೆಂದೂ ದೊಡ್ಡ ದೊಡ್ಡ ಲೆಕ್ಕಗಳನ್ನು ಬಾಯಲ್ಲೇ ಮಾಡುತ್ತಿದ್ದರೆಂದೂ ದಾಖಲಿಸಿದ್ದಾನೆ. ಪದವಿ ಪಡೆದ ನಮ್ಮಲ್ಲಿ ಎಷ್ಟು ಮಂದಿಗೆ ಐದು ಭಾಷೆ ಬರುತ್ತದೆ?

ಹಾಗೆಂದು ಪುಸ್ತಕ ಮುಚ್ಚಿಡಲು ಹೈದರಾಲಿಯವರ ಹೆಸರನ್ನು ನೆಪ ಮಾಡಿಕೊಳ್ಳಬೇಡಿ. ಓದಿನ ಬೆಲೆ ಅವರಿಗೆ ಇತರರಿಗಿಂತ ಚೆನ್ನಾಗಿ ಗೊತ್ತಿತ್ತು. ಮಗ ಟಿಪ್ಪುವಿಗೆ ಬಾಲ್ಯದಿಂದಲೇ ವಿದ್ವಾಂಸರಿಂದ ಪಾಠ ಹೇಳಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ವಶವಾದಾಗ ಅರಮನೆಯ ಗ್ರಂಥಾಲಯದಲ್ಲಿ ಸುಮಾರು 2000 ಗ್ರಂಥಗಳಿದ್ದವು. ಅವುಗಳ ಪಟ್ಟಿಯನ್ನು ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಪ್ರಕಟಿಸಿದ. ಅಷ್ಟು ಗ್ರಂಥಗಳನ್ನು ಕೂಡಿಸಿಟ್ಟ ಸುಲ್ತಾನನ ತಂದೆ, ಅವುಗಳಲ್ಲಿ ಒಂದರ ಹೆಸರನ್ನೂ ಓದಬಲ್ಲವರಾಗಿರಲಿಲ್ಲ.